ಕೊಪ್ಪಳದಾಗ ಕುಂತು ಬ್ಲ್ಯಾಕ್ ಹೋಲ್, ಸ್ಟ್ರಿಂಗ್ ಥಿಯರಿ ಕಡೆ ಹೋಗೋದು ಹೆಂಗ: ಒಂದು ನೋಟ್‌ಬುಕ್, ನಾಕು ಲೆಕ್ಕ

ಬಿಎಸ್ಸಿ ಹುಡುಗ್ರು ಹುಡುಗೇರು ಪ್ರತಿ ವರ್ಷ ಕೇಳೋ ಪ್ರಶ್ನಿ ಒಂದೈತಿ. ಸರ್, ನಾನು ಬ್ಲ್ಯಾಕ್ ಹೋಲ್ ಮ್ಯಾಲ ರಿಸರ್ಚ್ ಮಾಡ್ಬೇಕು, ಸ್ಟ್ರಿಂಗ್ ಥಿಯರಿ ಓದ್ಬೇಕು, ಎಲ್ಲಿಂದ ಶುರು ಮಾಡ್ಲಿ? (ಸ್ಟ್ರಿಂಗ್ ಥಿಯರಿ ಅಂದ್ರ ಎಲ್ಲಾ ಕಣಗಳೂ ಒಳಗ ಅತಿ ಸಣ್ಣ ದಾರದ ನಡುಕ ಅನ್ನೋ ಥಿಯರಿ.) ಕೊಪ್ಪಳ ಗಂಗಾವತಿ ಅಷ್ಟ ಅಲ್ಲ, ಬಳ್ಳಾರಿ, ರಾಯಚೂರು, ಸಿಂಧನೂರು ಕಡೆ ಹುಡುಗ್ರೂ ಇದನ್ನ ಕೇಳ್ತಾರ. ಯೂಟ್ಯೂಬ್ ನೋಡಿ ನೋಡಿ ವಾರ್ಮ್‌ಹೋಲ್, ಮಲ್ಟಿವರ್ಸ್, ಹನ್ನೊಂದು ಡೈಮೆನ್ಷನ್ ಎಲ್ಲಾ ಬಾಯಿಪಾಠ ಆಗಿರ್ತೈತಿ, ಆದ್ರ ಸೂರ್ಯನ್ನ ಒತ್ತಿ ಒತ್ತಿ ಬ್ಲ್ಯಾಕ್ ಹೋಲ್ ಮಾಡಿದ್ರ ಅದರ ಸೈಜ್ ಎಷ್ಟು ಬರ್ತೈತಿ ಅಂದ್ರ ಒಬ್ರೂ ಪೆನ್ನು ತೆಗಿಯಂಗಿಲ್ಲ. ಈ ಫೀಲ್ಡ್‌ಗೆ ಹೋಗೋ ಬಾಗಿಲು ಲೆಕ್ಕ ಒಂದ, ಬ್ಯಾರೆ ಬಾಗಿಲು ಇಲ್ಲ, ಮತ್ತ ಖುಷಿ ವಿಷಯ ಏನಂದ್ರ ಮೊದಲಿನ ನಾಕು ಲೆಕ್ಕ ಮಾಡಾಕ ಡಿಗ್ರಿ ಮ್ಯಾಥ್ಸ್ ಧಾರಾಳ ಸಾಕು.

ಒಂದು ಉದ್ದನ ನೋಟ್‌ಬುಕ್ಕು, ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ತಗೊಳ್ರಿ. ಮೊದಲನೇ ಪೇಜಿನಾಗ ಐದು ನಂಬರ್ ಬರೀರಿ, ಎಲ್ಲಾ ಎಸ್‌ಐ ಯೂನಿಟ್‌ನಾಗ: ಗ್ರಾವಿಟಿ ಕಾನ್ಸ್ಟಂಟ್ ಜಿ 6.67×10⁻¹¹, ಬೆಳಕಿನ ವೇಗ ಸಿ 3×10⁸, ಪ್ಲಾಂಕ್ ಕಾನ್ಸ್ಟಂಟ್‌ನ 2π ಇಂದ ಭಾಗಿಸಿದ ಎಚ್‌ಬಾರ್ 1.055×10⁻³⁴, ಬೋಲ್ಟ್ಸ್‌ಮನ್ ಕಾನ್ಸ್ಟಂಟ್ ಕೆ 1.38×10⁻²³, ಸೂರ್ಯನ ತೂಕ 2×10³⁰ ಕೆಜಿ. ಇವು ಐದೂ ಒಂದ ಕಡೆ ಯಾಕ ಬಂದ್ವು ಅಂತ ಸ್ವಲ್ಪ ಯೋಚನೆ ಮಾಡ್ರಿ. ಜಿ ಅಂದ್ರ ಗ್ರಾವಿಟಿ, ಸಿ ಅಂದ್ರ ರಿಲೇಟಿವಿಟಿ, ಎಚ್‌ಬಾರ್ ಅಂದ್ರ ಕ್ವಾಂಟಮ್, ಕೆ ಅಂದ್ರ ಥರ್ಮೊಡೈನಾಮಿಕ್ಸ್. ಇವು ನಾಕೂ ಒಂದ ಸೂತ್ರದಾಗ ಕೂಡೋ ಜಾಗ ಬ್ಲ್ಯಾಕ್ ಹೋಲ್, ಅದಕ್ಕ ಥಿಯರಿ ಮಂದಿ ಐವತ್ತು ವರ್ಷದಿಂದ ಇದನ್ನ ಬಿಡದೆ ಹಿಡ್ಕೊಂಡು ಕುಂತಾರ.

ಮೊದಲನೇ ಲೆಕ್ಕ ಸೈಜ್. ತೂಕ ಎಂ ಇದ್ರ ರೇಡಿಯಸ್ ಬರೋದು 2ಜಿಎಂ ÷ ಸಿ². ಸೂರ್ಯಂದು ಹಾಕಿ ನೋಡ್ರಿ, ಸುಮಾರು 2.96 ಕಿಲೋಮೀಟರ್ ಬರ್ಬೇಕು. ಭೂಮಿದು (6×10²⁴ ಕೆಜಿ) ಹಾಕಿದ್ರ 8.9 ಮಿಲಿಮೀಟರ್. ಬರ್ಲಿಲ್ಲಂದ್ರ ಸ್ಕ್ವೇರ್ ಮಾಡೋದು ಬಿಟ್ಟಿರ್ತೀರಿ, ಇನ್ನೊಮ್ಮೆ ಮಾಡ್ರಿ. ಆಮ್ಯಾಲ 2019ರ ಏಪ್ರಿಲ್ 10ಕ್ಕ ಫೋಟೋ ಬಿಟ್ರಲ್ಲ, ಎಂ87 ಗ್ಯಾಲಕ್ಸಿದು, ಅದರ ತೂಕ ಸೂರ್ಯನ 650 ಕೋಟಿ ಪಟ್ಟು, ಅದಕ್ಕ ಎಷ್ಟು ಬರ್ತೈತಿ? ಸುಮಾರು 1900 ಕೋಟಿ ಕಿಲೋಮೀಟರ್, ಅಂದ್ರ ಭೂಮಿಗೂ ಸೂರ್ಯಂಗೂ ಇರೋ ದೂರದ 128 ಪಟ್ಟು. ಇದನ್ನ ಕೈಯಾರೆ ಮಾಡಿದ ಮ್ಯಾಲ ಆ ಫೋಟೋ ನೋಡೋ ಕಣ್ಣ ಬ್ಯಾರೆ ಆಗ್ತೈತಿ.

ಇಲ್ಲೊಂದು ಮಾತು. ಇದ ಸೂತ್ರ ಎಸ್ಕೇಪ್ ವೆಲಾಸಿಟಿ ಬೆಳಕಿನ ವೇಗಕ್ಕ ಸಮ ಅಂತ ನ್ಯೂಟನ್ ಲೆಕ್ಕದಾಗ ಹಾಕಿದ್ರೂ ಬರ್ತೈತಿ, ಜಾನ್ ಮಿಚೆಲ್ ಅನ್ನೋರು 1783ರಾಗ ಹಂಗ ಯೋಚನೆ ಮಾಡಿದ್ರು. ಉತ್ತರ ಒಂದ ಬಂದಿದ್ದು ಕಾಕತಾಳೀಯ, ಅದನ್ನ ನೋಡಿ ನ್ಯೂಟನ್ ಸಾಕು ಬಿಡು ಅನ್ಕೋಬ್ಯಾಡ್ರಿ. ಸರಿಯಾದ ದಾರಿ ಐನ್‌ಸ್ಟೈನ್ ಸಮೀಕರಣದ್ದು, ಅದು ಬಂದದ್ದು 1915ರ ನವೆಂಬರ್, ಅದಕ್ಕ ಮೊದಲನೇ ಪಕ್ಕಾ ಉತ್ತರ ಕೊಟ್ಟೋರು ಕಾರ್ಲ್ ಶ್ವಾರ್ಜ್‌ಶೀಲ್ಡ್, ಮೊದಲ ಮಹಾಯುದ್ಧದ ಸೈನ್ಯದಾಗ ಇದ್ಕೊಂಡ ಲೆಕ್ಕ ಮಾಡಿ ಕಳಿಸಿದ್ರು, 1916ರಾಗ ಪ್ರಿಂಟ್ ಆತು. (ಅದ 1915ರಾಗ ನಮ್ಮ ಮಸ್ಕಿಯೊಳಗ ಅಶೋಕನ ಶಾಸನ ಸಿಕ್ಕಿದ್ದು, ಇದಕ್ಕೂ ಅದಕ್ಕೂ ಸಂಬಂಧ ಏನಿಲ್ಲ, ರಾಯಚೂರು ಜಿಲ್ಲೆಯೋರಿಗೆ ಇಸವಿ ನೆನಪಿಡಾಕ ಅನುಕೂಲ ಅಷ್ಟ.)

ಎರಡನೇ ಲೆಕ್ಕ ಟೆಂಪರೇಚರ್, ಇದರ ಮ್ಯಾಲ ಒಂದು ವಾರ ಆದ್ರೂ ಕುಂದ್ರಿ, ಅವಸರ ಮಾಡಬ್ಯಾಡ್ರಿ. 1972-73ರಾಗ ಜೇಕಬ್ ಬೆಕೆನ್‌ಸ್ಟೈನ್ ಅನ್ನೋ ಪಿಎಚ್‌ಡಿ ಹುಡುಗ ಬ್ಲ್ಯಾಕ್ ಹೋಲ್‌ಗೆ ಎಂಟ್ರೊಪಿ ಇರ್ಬೇಕು, ಅದು ಹೊರೈಜನ್‌ನ (ದಾಟಿದ್ರ ಬೆಳಕೂ ವಾಪಸ್ ಬರಲಾರದ ಅಂಚು) ಏರಿಯಾಕ್ಕ ತಕ್ಕಂಗ ಇರ್ತೈತಿ ಅಂತ ವಾದ ಮಾಡಿದ. ಬಿಸಿ ವಸ್ತುನ ಒಳಗ ಒಗದ್ರ ಅದರ ಎಂಟ್ರೊಪಿ ಎಲ್ಲಿಗೆ ಹೋತು, ಒಟ್ಟು ಎಂಟ್ರೊಪಿ ಕಡಿಮಿ ಆಗಂಗಿಲ್ಲ ಅನ್ನೋ ಸೆಕೆಂಡ್ ಲಾ ಏನಾತು ಅನ್ನೋದು ಅವನ ತಕರಾರು. ಹಾಕಿಂಗ್ ಮೊದಲು ಒಪ್ಪಲಿಲ್ಲ, ಎಂಟ್ರೊಪಿ ಇದ್ರ ಟೆಂಪರೇಚರ್ ಇರ್ಬೇಕು, ಟೆಂಪರೇಚರ್ ಇದ್ರ ಹೊರಗ ರೇಡಿಯೇಷನ್ ಬಿಡ್ಬೇಕು, ಬ್ಲ್ಯಾಕ್ ಹೋಲ್ ಹೆಂಗ ಬಿಡ್ತೈತಿ ಅಂತ. ಆಮ್ಯಾಲ ತಾನ ಕ್ವಾಂಟಮ್ ಲೆಕ್ಕ ಮಾಡಿ 1974ರಾಗ ಹೌದು ಬಿಡ್ತೈತಿ ಅಂತ ತೋರ್ಸಿದ, ಎಂಟ್ರೊಪಿ ಸೂತ್ರದಾಗ ಕಾಲು ಭಾಗ ಅನ್ನೋ ನಂಬರ್ ಪಕ್ಕಾ ಆಗಿದ್ದು ಅವಾಗ.

ನೋಟ್‌ಬುಕ್‌ನಾಗ ಹಿಂಗ ಮಾಡ್ರಿ. ಎಂಟ್ರೊಪಿ ಅಂದ್ರ ಕೆ × ಸಿ³ × ಏರಿಯಾ ÷ (4 × ಜಿ × ಎಚ್‌ಬಾರ್). ಏರಿಯಾ ಅಂದ್ರ 4π × ರೇಡಿಯಸ್ ಸ್ಕ್ವೇರ್, ರೇಡಿಯಸ್ ಮೊದಲ ಲೆಕ್ಕದಾಗ ಬಂದೈತಿ, ಹಾಕಿ ಸಿಂಪ್ಲಿಫೈ ಮಾಡಿದ್ರ ಎಂಟ್ರೊಪಿ ಅನ್ನೋದು 4π ಜಿ ಎಂ² ಕೆ ÷ (ಎಚ್‌ಬಾರ್ × ಸಿ) ಆಗ್ತೈತಿ. ಎನರ್ಜಿ ಎಂ ಸಿ². ಈಗ ಥರ್ಮೊಡೈನಾಮಿಕ್ಸ್ ಫಸ್ಟ್ ಲಾ, ಎನರ್ಜಿ ಬದಲಾವಣೆ ಅಂದ್ರ ಟೆಂಪರೇಚರ್ ಸಲ ಎಂಟ್ರೊಪಿ ಬದಲಾವಣೆ. ಎರಡನ್ನೂ ಎಂ ಮ್ಯಾಲ ಡಿಫರೆನ್ಷಿಯೇಟ್ ಮಾಡಿ ಭಾಗಿಸ್ರಿ. ಟೆಂಪರೇಚರ್ = ಎಚ್‌ಬಾರ್ ಸಿ³ ÷ (8π ಜಿ ಎಂ ಕೆ). ಮೂರು ಸಾಲಿನಾಗ ಹಾಕಿಂಗ್ ಟೆಂಪರೇಚರ್ ಬಂತು ನೋಡ್ರಿ, ಪಿಯುಸಿ ಡಿಫರೆನ್ಷಿಯೇಷನ್. ಎಂಟ್ರೊಪಿ ಸೂತ್ರ ಮೊದಲ ಗೊತ್ತಿತ್ತು ಅಂತ ಇಟ್ಕೊಂಡು ಮಾಡಿವಿ, ಅದೊಂದು ಮೋಸ ಐತಿ ಇದರಾಗ, ಹಾಕಿಂಗ್ ಹೋಗಿದ್ದು ಕ್ವಾಂಟಮ್ ಫೀಲ್ಡ್ ಥಿಯರಿಯ ಉದ್ದನ ದಾರಿಲೆ. ಆ ದಾರಿ ನಿಮಗ ಎಂಎಸ್ಸಿ ಆದ್ಮ್ಯಾಲ.

ನಂಬರ್ ಹಾಕಿದ್ರ ಸೂರ್ಯನ ತೂಕದ್ದಕ್ಕ 6.2×10⁻⁸ ಕೆಲ್ವಿನ್. ರಾಯಚೂರಿನ ಮೇ ತಿಂಗಳು ಬ್ಯಾಡ, ಆಕಾಶದಾಗ ಎಲ್ಲಾ ಕಡೆ ಹರಡಿರೋ ಮೈಕ್ರೊವೇವ್ ಬ್ಯಾಕ್‌ಗ್ರೌಂಡ್ 2.7 ಕೆಲ್ವಿನ್ ಐತಲ್ಲ, ಅದ ಇದಕ್ಕಿಂತ ಎಷ್ಟೋ ಪಟ್ಟು ಬಿಸಿ. ಅಂದ್ರ ಈಗಿನ ಕಾಲಕ್ಕ ಅಂಥಾ ಬ್ಲ್ಯಾಕ್ ಹೋಲ್ ಕರಗಂಗಿಲ್ಲ, ಹೊರಗಿಂದ ನುಂಗಿ ಇನ್ನೂ ದಪ್ಪ ಆಗ್ತೈತಿ. ಹಂಗಾರ ಎಷ್ಟು ತೂಕ ಇದ್ರ 2.7 ಕೆಲ್ವಿನ್ ಬರ್ತೈತಿ? ಸೂತ್ರ ತಿರುವಿ ಹಾಕ್ರಿ, 4.5×10²² ಕೆಜಿ, ನಮ್ಮ ಚಂದ್ರನಕಿಂತ (7.3×10²² ಕೆಜಿ) ಕಡಿಮಿ. ಇನ್ನೊಂದು ವಿಚಿತ್ರ ಗಮನಿಸ್ರಿ, ತೂಕ ಕೆಳಗಿನ ಸಾಲಿನಾಗ ಐತಿ. ಬಿಸಿ ಚಾ ಬಸಿಯೊಳಗ ಹಾಕಿ ಇಟ್ರ ಶಾಖ ಕಳ್ಕೊಂಡು ತಣ್ಣಗ ಆಗ್ತೈತಿ, ಇದು ಶಾಖ ಕಳ್ಕೊಂಡಷ್ಟೂ ಬಿಸಿ ಆಗ್ತೈತಿ. ಇಂಥಾದಕ್ಕ ನೆಗೆಟಿವ್ ಸ್ಪೆಸಿಫಿಕ್ ಹೀಟ್ ಅಂತಾರ. ಕೊನೀಗೆ ಏನಾಗ್ತೈತಿ, ಒಳಗ ಬಿದ್ದ ಮಾಹಿತಿ ಎಲ್ಲಿ ಹೋಗ್ತೈತಿ ಅನ್ನೋದ ಇನ್‌ಫರ್ಮೇಷನ್ ಪ್ಯಾರಡಾಕ್ಸ್, ಹಾಕಿಂಗ್ ಎಪ್ಪತ್ತರ ದಶಕದಾಗ ಎತ್ತಿದ್ದು ಇವತ್ತಿಗೂ ಬಿಸಿ ಬಿಸಿ ಚರ್ಚೆ.

ಎಂಟ್ರೊಪಿ ನಂಬರ್ರೂ ಹಾಕಿ ನೋಡ್ರಿ. ಸೂರ್ಯನ ತೂಕದ ಬ್ಲ್ಯಾಕ್ ಹೋಲ್‌ಗೆ ಕೆ ಬಿಟ್ಟು 10⁷⁷ ಬರ್ತೈತಿ. ಈಗ ಉರೀತಿರೋ ಸೂರ್ಯಂದು ಸುಮಾರು 10⁵⁸. ಅಷ್ಟ ತೂಕ, ಎಂಟ್ರೊಪಿ ಮಾತ್ರ ಕೋಟಿ ಕೋಟಿ ಪಟ್ಟು ಜಾಸ್ತಿ. ಬೋಲ್ಟ್ಸ್‌ಮನ್ ಹೇಳಿದ ಪ್ರಕಾರ ಎಂಟ್ರೊಪಿ ಅಂದ್ರ ಒಳಗಿನ ಜೋಡಣೆ ಎಷ್ಟು ನಮೂನಿ ಆಗಬಹುದು ಅನ್ನೋದರ ಎಣಿಕಿ. ಹಂಗಾರ ಬ್ಲ್ಯಾಕ್ ಹೋಲ್ ಒಳಗ ಎಣಿಸಾಕ ಏನೈತಿ? ಜನರಲ್ ರಿಲೇಟಿವಿಟಿ ಇದಕ್ಕ ಬಾಯಿ ಬಿಡಂಗಿಲ್ಲ. ಸ್ಟ್ರಿಂಗ್ ಥಿಯರಿ ಇಲ್ಲಿಗೆ ಬರ್ತೈತಿ, ಅದನ್ನ ನಾಕನೇ ಲೆಕ್ಕದಾಗ ಹೇಳ್ತೀನಿ.

ಮೂರನೇದು ಸಣ್ಣದು, ಹತ್ತು ನಿಮಿಷದ್ದು, ಆದ್ರ ನಿಜವಾದ ಡೇಟಾ ಮ್ಯಾಲ. 2015ರ ಸೆಪ್ಟೆಂಬರ್ 14ಕ್ಕ ಅಮೆರಿಕದ ಲೈಗೊ ಡಿಟೆಕ್ಟರ್ ಮೊದಲ ಸಲ ಗ್ರಾವಿಟೇಷನಲ್ ವೇವ್ (ಗ್ರಾವಿಟಿಯ ಅಲೆ) ಹಿಡೀತು, ಸೂರ್ಯನ 36 ಪಟ್ಟಿಂದು 29 ಪಟ್ಟಿಂದು ಎರಡು ಬ್ಲ್ಯಾಕ್ ಹೋಲ್ ಕೂಡಿ 62 ಪಟ್ಟಿಂದು ಒಂದಾತು, ಉಳಿದ 3 ಸೂರ್ಯನಷ್ಟು ತೂಕ ಅಲೆಯಾಗಿ ಹೋತು. ಏರಿಯಾ ತೂಕದ ಸ್ಕ್ವೇರ್‌ಗೆ ತಕ್ಕಂಗ ಅಲ್ಲ? 36² + 29² = 2137. 62² = 3844. ತೂಕ ಕಡಿಮಿ ಆದ್ರೂ ಏರಿಯಾ ಹೆಚ್ಚಾತು. ಕೊನೀ ಬ್ಲ್ಯಾಕ್ ಹೋಲ್ ತಿರಗ್ತಿತ್ತು, ತಿರಗೋದಕ್ಕ ಏರಿಯಾ ಸ್ವಲ್ಪ ಕಡಿಮಿ, ರಾಯ್ ಕೆರ್ 1963ರಾಗ ಕೊಟ್ಟ ಉತ್ತರದ ಪ್ರಕಾರ ಸ್ಪಿನ್ 0.67 ಹಾಕಿದ್ರ 3350 ಹತ್ರ ಬರ್ತೈತಿ. ಮೊದಲಿನ ಎರಡೂ ತಿರಗ್ತಿದ್ರ 2137 ಇನ್ನೂ ಕಡಿಮಿ ಆಗ್ತಿತ್ತು, ಹಂಗಾಗಿ ಯಾವ ಕಡೆಯಿಂದ ನೋಡಿದ್ರೂ ಏರಿಯಾ ಬೆಳೆದೈತಿ. (ಕ್ವಾಂಟಮ್ ರೇಡಿಯೇಷನ್ ಲೆಕ್ಕಕ್ಕ ಹಿಡೀಲಿಲ್ಲಂದ್ರ) ಏರಿಯಾ ಯಾವತ್ತೂ ಕಡಿಮಿ ಆಗಂಗಿಲ್ಲ ಅಂತ ಹಾಕಿಂಗ್ ಹೇಳಿದ್ದು 1971ರಾಗ, ಇದ ಸಿಗ್ನಲ್ ಮ್ಯಾಲ ಅದನ್ನ ಸರಿಯಾಗಿ ಪರೀಕ್ಷೆ ಮಾಡಿದ್ದು 2021ರಾಗ. ಕೂಡಿದ ಮ್ಯಾಲ ಹೊಸ ಬ್ಲ್ಯಾಕ್ ಹೋಲ್ ಸ್ವಲ್ಪ ಹೊತ್ತು ನಡುಗಿ ಸುಮ್ಮನಾಗ್ತೈತಲ್ಲ, ಆ ನಡುಕನ ಲೆಕ್ಕದಾಗ ಮೊದಲು ಕಂಡೋರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, 1970ರಾಗ. ನೆಹರು ಪ್ಲಾನೆಟೇರಿಯಂ ಕಟ್ಟಿ ಬೆಳೆಸಿದೋರೂ ಅವರ. ತಮ್ಮ ಲೆಕ್ಕ ಸಿಗ್ನಲ್‌ನಾಗ ಕಂಡದ್ದನ್ನ ನೋಡಿನ 2017ರಾಗ ಹೋದ್ರು. ನಮ್ಮ ಕಡೆ ಸೈನ್ಸ್ ಫೆಸ್ಟ್ ಪೋಸ್ಟರ್‌ನಾಗ ಹಾಕಿಂಗ್ ಫೋಟೋ ಇರ್ತೈತಿ, ಇವರದು ಇರಂಗಿಲ್ಲ, ಅದು ನನಗ ಸರಿ ಅನ್ಸಂಗಿಲ್ಲ.

ಈಗ ನಾಕನೇದು, ಸ್ಟ್ರಿಂಗ್ ಲೆಕ್ಕ. 5ನ್ನ ಕೂಡಿಸಿ ಎಷ್ಟು ನಮೂನಿ ಬರೀಬಹುದು? 5, 4+1, 3+2, 3+1+1, 2+2+1, 2+1+1+1, 1+1+1+1+1. ಒಟ್ಟು 7. 10ಕ್ಕ 42 ಬರ್ತೈತಿ, ಕೈಲೆ ಮಾಡ್ರಿ, ಒಂದು ಸಂಜಿ ಹೋಗ್ತೈತಿ ಹೋಗ್ಲಿ. 100ಕ್ಕ 19,05,69,292, ಇದನ್ನ ಕೈಲೆ ಮಾಡಬ್ಯಾಡ್ರಿ, ಪೈಥಾನ್‌ನಾಗ ಸಣ್ಣ ಪ್ರೋಗ್ರಾಂ ಬರೀರಿ. ಇದಕ್ಕ ಪಾರ್ಟಿಷನ್ ಅಂತಾರ, ಹಾರ್ಡಿ ಮತ್ತು ನಮ್ಮ ರಾಮಾನುಜನ್ 1918ರಾಗ ದೊಡ್ಡ ನಂಬರ್‌ಗೆ ಅಂದಾಜು ಸೂತ್ರ ಕೊಟ್ರು: ಇ ಅನ್ನೋ ನಂಬರ್‌ನ π√(2ಎನ್/3) ಘಾತಕ್ಕ ಏರಿಸಿ 4ಎನ್√3 ಇಂದ ಭಾಗಿಸೋದು. 10 ಹಾಕಿದ್ರ 48 ಬರ್ತೈತಿ, ನಿಜ 42. 100ಕ್ಕ ನೂರಕ್ಕ ಐದರೊಳಗ ತಪ್ಪು. ನಂಬರ್ ದೊಡ್ಡದಾದಷ್ಟು ಇನ್ನೂ ಹತ್ರ ಬರ್ತೈತಿ.

ಇದಕ್ಕೂ ಸ್ಟ್ರಿಂಗ್‌ಗೂ ಏನು ಸಂಬಂಧ ಅಂತೀರಿ. ಒಂದು ಸ್ಟ್ರಿಂಗ್ ಹಲವು ಹಾರ್ಮೋನಿಕ್‌ನಾಗ ನಡುಗಬಹುದು, ಒಂದನೇದು, ಎರಡನೇದು, ಮೂರನೇದು ಹಿಂಗ. ಒಟ್ಟು ಎನರ್ಜಿ ಲೆವೆಲ್ 5 ಅಂದ್ರ ಅದನ್ನ ಯಾವ ಯಾವ ಹಾರ್ಮೋನಿಕ್‌ಗೆ ಎಷ್ಟೆಷ್ಟು ಹಂಚಬಹುದು ಅನ್ನೋ ಎಣಿಕಿ ನೀವು ಈಗ ಮಾಡಿದ್ದ, ಒಂದ ದಿಕ್ಕಿನಾಗ ನಡುಗೋ ಸ್ಟ್ರಿಂಗ್‌ಗೆ. ದಿಕ್ಕು ಜಾಸ್ತಿ ಆದ್ರ ರೂಟ್ ಒಳಗಿನ ನಂಬರ್ ಬದಲಾಗ್ತೈತಿ, ಲಾಗ್ ತಗೊಂಡ್ರ ಎಂಟ್ರೊಪಿ ಯಾವಾಗ್ಲೂ ಲೆವೆಲ್‌ನ ಸ್ಕ್ವೇರ್ ರೂಟ್ ಹಂಗ ಬೆಳೀತೈತಿ. ಇದರ ಸಾಮಾನ್ಯ ರೂಪ ಕಾರ್ಡಿ ಸೂತ್ರ, 1986ರದು: ಎಂಟ್ರೊಪಿ = 2π√(ಸೆಂಟ್ರಲ್ ಚಾರ್ಜ್ × ಲೆವೆಲ್ ÷ 6). ಸೆಂಟ್ರಲ್ ಚಾರ್ಜ್ ಅಂದ್ರ ಸದ್ಯಕ್ಕ ಎಷ್ಟು ನಮೂನಿ ನಡುಗಾಕ ಬರ್ತೈತಿ ಅನ್ನೋ ನಂಬರ್ ಅನ್ಕೊಳ್ರಿ.

1996ರ ಜನವರಿಯಾಗ ಆಂಡ್ರೂ ಸ್ಟ್ರಾಮಿಂಜರ್, ಕುಮ್ರುನ್ ವಾಫಾ ಇಬ್ರೂ ಕೂಡಿ ಐದು ಡೈಮೆನ್ಷನ್‌ನ ಒಂದು ವಿಶೇಷ ಚಾರ್ಜ್ ಇರೋ ಬ್ಲ್ಯಾಕ್ ಹೋಲ್ ತಗೊಂಡು, ಅದನ್ನ ಡಿ-ಬ್ರೇನ್ ಅನ್ನೋ (ಸ್ಟ್ರಿಂಗ್‌ನ ತುದಿ ಅಂಟೋ) ವಸ್ತುಗಳ ಜೋಡಣೆ ಅಂತ ನೋಡಿ ಎಣಿಸಿದ್ರು. ಅದರ ಬೆನ್ನಿಗೆ ಬಂದ ಸರಳ ರೂಪದಾಗ ಡಿ1 ಬ್ರೇನ್ ಒಂದಷ್ಟು, ಡಿ5 ಬ್ರೇನ್ ಒಂದಷ್ಟು, ಅದರ ಮ್ಯಾಲ ಓಡೋ ಮೊಮೆಂಟಮ್ ಎನ್, ಇದ ಇಲ್ಲಿ ಲೆವೆಲ್. ಸೆಂಟ್ರಲ್ ಚಾರ್ಜ್ 6 × ಡಿ1 ಎಣಿಕಿ × ಡಿ5 ಎಣಿಕಿ. ಕಾರ್ಡಿ ಸೂತ್ರಕ್ಕ ಹಾಕ್ರಿ, ಆರಕ್ಕ ಆರು ಹೋಗ್ತೈತಿ, ಉಳಿದದ್ದು 2π ಸಲ ಆ ಮೂರು ಎಣಿಕಿ ಗುಣಿಸಿದ್ದರ ಸ್ಕ್ವೇರ್ ರೂಟ್. ಇನ್ನೊಂದು ಕಡೆ ಅದ ಬ್ಲ್ಯಾಕ್ ಹೋಲ್‌ನ ಏರಿಯಾ ಐನ್‌ಸ್ಟೈನ್ ದಾರಿಲೆ ತಗದು ಕಾಲು ಭಾಗ ಮಾಡಿದ್ರ ಅದ ಉತ್ತರ, 2π ಸಮೇತ, ಕಾಲು ಸಮೇತ. ಒಂದು ಕಡೆ ಜಾಮಿಟ್ರಿ, ಇನ್ನೊಂದು ಕಡೆ ಎಣಿಕಿ. ಸ್ಟ್ರಿಂಗ್ ಥಿಯರಿ ಮಂದಿ ಇದನ್ನ ಬಿಟ್ಟು ಯಾಕ ಹೋಗಂಗಿಲ್ಲ ಅಂತ ತಿಳೀಬೇಕಂದ್ರ ಈ ಒಂದು ಪೇಜ್ ನೀವ ಬರೀಬೇಕು, ವಿಡಿಯೋ ನೋಡಿದ್ರ ತಿಳಿಯಂಗಿಲ್ಲ. ಸ್ಟ್ರಿಂಗ್ ಸ್ಟೇಟ್ ಎಣಿಸಿದ್ರ ಬ್ಲ್ಯಾಕ್ ಹೋಲ್ ಎಂಟ್ರೊಪಿ ಬರ್ತೈತಿ ಅನ್ನೋ ಹಾದಿಯಾಗ 1995ರಾಗ ಮುಖ್ಯ ಹೆಜ್ಜೆ ಇಟ್ಟೋರು ಅಶೋಕ್ ಸೇನ್, ಇದನ್ನೂ ಬರ್ಕೊಳ್ರಿ.

ಆದ್ರ ಕಣ್ಣು ಮುಚ್ಚಿ ನಂಬಬ್ಯಾಡ್ರಿ. ಆ ಲೆಕ್ಕದ ಬ್ಲ್ಯಾಕ್ ಹೋಲ್ ಸೂಪರ್‌ಸಿಮ್ಮೆಟ್ರಿ (ಪ್ರತಿ ನಮೂನಿ ಕಣಕ್ಕೂ ಒಂದು ಜೋಡಿ ಕಣ ಐತಿ ಅನ್ನೋ ಊಹೆ) ಇರೋದು, ಅದರ ಟೆಂಪರೇಚರ್ ಸೊನ್ನೆ, ಆಕಾಶದಾಗ ಇರೋ ಯಾವುದೂ ಅಂಥಾದ್ದಲ್ಲ. ಯುರೋಪಿನಾಗ ಕಣ ಡಿಕ್ಕಿ ಹೊಡಿಸೋ ಎಲ್‌ಎಚ್‌ಸಿ ಮಷೀನ್‌ನಾಗ ಸೂಪರ್‌ಸಿಮ್ಮೆಟ್ರಿ ಇನ್ನೂ ಕಂಡಿಲ್ಲ, ಆಕಾಶದ ಯಾವ ಬ್ಲ್ಯಾಕ್ ಹೋಲ್‌ದೂ ಹಾಕಿಂಗ್ ರೇಡಿಯೇಷನ್ ಯಾರೂ ನೋಡಿಲ್ಲ. ಸ್ಟ್ರಿಂಗ್ ಥಿಯರಿ ಪ್ರೂವ್ ಆಗೈತಿ ಅನ್ನೋರೂ ಸುಳ್ಳು, ಎಲ್ಲಾ ದಂಡ ಅನ್ನೋರೂ ಆ ಪೇಜ್ ಬರ್ದು ನೋಡಿಲ್ಲ.

ನಾಕೂ ಲೆಕ್ಕ ಆದ್ಮ್ಯಾಲ ಓದೋ ಕ್ರಮ. ಡಿಗ್ರಿಯೊಳಗ ಲಗ್ರಾಂಜಿಯನ್ ಮೆಕ್ಯಾನಿಕ್ಸ್, ಲೀನಿಯರ್ ಆಲ್ಜೀಬ್ರಾ, ಸ್ಪೆಷಲ್ ರಿಲೇಟಿವಿಟಿ, ಕ್ವಾಂಟಮ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಇವು ಐದು ಗಟ್ಟಿ ಆಗ್ಬೇಕು, ಇದರಾಗ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ನಮ್ಮ ಹುಡುಗ್ರು ಹಾರಿಸಿಬಿಡೋ ಸಬ್ಜೆಕ್ಟ್, ಬ್ಲ್ಯಾಕ್ ಹೋಲ್ ಎಂಟ್ರೊಪಿಗೆ ಅದ ಜೀವ. ಎನ್‌ಪಿಟೆಲ್‌ನಾಗ ಐಐಟಿ ಮದ್ರಾಸ್‌ನ ವಿ. ಬಾಲಕೃಷ್ಣನ್ ಸರ್ ಲೆಕ್ಚರ್ ಫ್ರೀ ಅದಾವ, ಬೋರ್ಡ್ ಮ್ಯಾಲ ಒಂದೊಂದ ಸ್ಟೆಪ್ ಬರ್ದು ಹೇಳ್ತಾರ. ಎಂಎಸ್ಸಿಯೊಳಗ ಜನರಲ್ ರಿಲೇಟಿವಿಟಿ, ಕ್ವಾಂಟಮ್ ಫೀಲ್ಡ್ ಥಿಯರಿ. ಡೇವಿಡ್ ಟಾಂಗ್ ಅವರ ಕೇಂಬ್ರಿಡ್ಜ್ ಲೆಕ್ಚರ್ ನೋಟ್ಸ್ ಮೆಕ್ಯಾನಿಕ್ಸ್‌ನಿಂದ ಹಿಡಿದು ಸ್ಟ್ರಿಂಗ್ ಥಿಯರಿ ತನಕ ಪಿಡಿಎಫ್ ಫ್ರೀ ಸಿಗ್ತಾವ, ಒಮ್ಮೆ ಇಳಿಸಿಕೊಂಡ್ರ ಕರೆಂಟ್ ಹೋದ್ರೂ ನೆಟ್ ಹೋದ್ರೂ ಓದು ನಿಲ್ಲಂಗಿಲ್ಲ. ಸ್ಟ್ರಿಂಗ್ ಥಿಯರಿ ಪುಸ್ತಕನ ಬಿಎಸ್ಸಿಯೊಳಗ ತಗೊಂಡು ಇಪ್ಪತ್ತನೇ ಪೇಜಿಗೆ ಕೈ ಬಿಟ್ಟೋರು ಬಹಳ ಮಂದಿ, ಅದಕ್ಕ ಈ ಕ್ರಮ ಹೇಳಿದ್ದು.

ರಿಸರ್ಚ್ ಪೇಪರ್ ಸಿಗೋದು ಆರ್ಕೈವ್ (arxiv.org) ವೆಬ್‌ಸೈಟ್‌ನಾಗ, 1991ರಿಂದ ಐತಿ, ಪೂರ್ತಿ ಫ್ರೀ, ರೊಕ್ಕ ಕೇಳೋ ವೆಬ್‌ಸೈಟ್ ಕಡೆ ಹೋಗಬ್ಯಾಡ್ರಿ. ನಂಬರ್‌ನ ಮೊದಲ ನಾಕು ಅಂಕಿ ಇಸವಿ ಮತ್ತ ತಿಂಗಳು, 9601 ಅಂದ್ರ 1996 ಜನವರಿ, ಸ್ಟ್ರಾಮಿಂಜರ್ ವಾಫಾ ಪೇಪರ್ hep-th/9601029. ಮೊದಲು ಅಬ್‌ಸ್ಟ್ರಾಕ್ಟ್, ಇಂಟ್ರೊಡಕ್ಷನ್, ಆಮ್ಯಾಲ ಸೀದಾ ಕೊನೀ ಸೆಕ್ಷನ್, ನಡುವಿಂದು ಆಮ್ಯಾಲ. ತಿಳೀಲಾರದ ಸಾಲು ನೋಟ್‌ಬುಕ್‌ನಾಗ ಬರ್ದು ಡೇಟ್ ಹಾಕ್ರಿ, ಆರು ತಿಂಗಳಿಗೊಮ್ಮೆ ತಿರುವಿ ನೋಡ್ರಿ. 1997ರಾಗ ಮಾಲ್ಡಸೀನಾ ಬರ್ದದ್ದು, 2019ರಾಗ ಪೇಜ್ ಕರ್ವ್ ಮ್ಯಾಲ ಬಂದ ಐಲ್ಯಾಂಡ್ ಲೆಕ್ಕದ್ದು, ಇವು ಪಿಎಚ್‌ಡಿ ಟೈಮಿಗೆ ಇಡ್ರಿ.

ಬಳ್ಳಾರಿ ವಿಎಸ್‌ಕೆಯು, ರಾಯಚೂರು ಯೂನಿವರ್ಸಿಟಿ, ಕಲಬುರಗಿ ಕಡೆ ಎಂಎಸ್ಸಿ ಮಾಡಿದ್ರೂ ದಾರಿ ಮುಚ್ಚಂಗಿಲ್ಲ, ಆದ್ರ ಜಾಮ್, ಜೆಸ್ಟ್, ಟಿಐಎಫ್‌ಆರ್ ಎಂಟ್ರೆನ್ಸ್ ಮೂರರ ಹೆಸರು ಸೆಕೆಂಡ್ ಇಯರ್‌ನಾಗ ಗೊತ್ತಿರ್ಬೇಕು, ಫೈನಲ್ ಇಯರ್ ಮುಗಿದ ಮ್ಯಾಲ ಕೇಳಿದ್ರ ಒಂದು ವರ್ಷ ಹೋತು ಅಂತ ತಿಳೀರಿ. ಸ್ಟ್ರಿಂಗ್ ಕೆಲಸ ನಡೆಯೋ ಹತ್ತಿರದ ಜಾಗ ಬೆಂಗಳೂರು, ಹೆಸರಘಟ್ಟ ಕಡೆ ಇರೋ ಐಸಿಟಿಎಸ್ ಮತ್ತ ಐಐಎಸ್ಸಿಯ ಹೈ ಎನರ್ಜಿ ಸೆಂಟರ್, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರ ಬೆಳಿಗ್ಗೆ ಅಲ್ಲಿರ್ತೀರಿ. ಐಸಿಟಿಎಸ್ ಲೆಕ್ಚರ್ ಎಲ್ಲಾ ಯೂಟ್ಯೂಬ್‌ಗೆ ಹಾಕ್ತಾರ, ಸ್ಟುಡೆಂಟ್ಸ್ ಕೇಳೋ ಪ್ರಶ್ನಿನೂ ಅದರಾಗ ಕೇಳಸ್ತಾವ, ಅವು ಲೆಕ್ಚರ್‌ಗಿಂತ ಉಪಯೋಗ. ಥಿಯರಿ ತಮಗಲ್ಲ ಅನ್ನಿಸಿದೋರು ಬೇಜಾರಾಗಬ್ಯಾಡ್ರಿ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯೊಳಗ ಲೈಗೊ ಇಂಡಿಯಾಕ್ಕ 2023ರಾಗ ಕೇಂದ್ರ ಸರ್ಕಾರ ಒಪ್ಪಿಗಿ ಕೊಟ್ಟೈತಿ, ಲೈಗೊ ಡೇಟಾ ಈಗಾಗ್ಲೇ ಎಲ್ಲರಿಗೂ ಓಪನ್, ಪೈಥಾನ್ ಬಂದ್ರ ಮನಿಯಾಗ ಕುಂತು ಮೊದಲ ಸಿಗ್ನಲ್‌ನ ನೀವ ತೆಗೀಬಹುದು.

ಮನಿಯಾಗ ಕೇಳ್ತಾರ, ಇದನ್ನ ಓದಿ ನೌಕ್ರಿ ಏನು ಅಂತ. ಸುಳ್ಳು ಹೇಳಬ್ಯಾಡ್ರಿ. ಪಿಎಚ್‌ಡಿಗೆ ಫೆಲೋಶಿಪ್ ಬರ್ತೈತಿ, ಮನಿ ಮ್ಯಾಲ ಭಾರ ಆಗಂಗಿಲ್ಲ, ಆದ್ರ ಸ್ಟ್ರಿಂಗ್ ಥಿಯರಿಯೊಳಗ ಪರ್ಮನೆಂಟ್ ಪೋಸ್ಟ್ ಬಹಳ ಕಡಿಮಿ, ಪೋಸ್ಟ್‌ಡಾಕ್ ಅಂತ ಊರೂರು ತಿರಗಬೇಕಾಗ್ತೈತಿ. ಬಿಎಡ್ ಅಥವಾ ಕೆಸೆಟ್ ದಾರಿ ಪಕ್ಕದಾಗ ಇಟ್ಕೊಂಡ ಓದ್ರಿ, ಅದರಾಗ ಅವಮಾನ ಏನಿಲ್ಲ.

ಕೊನೀದು, ಪ್ರೊಫೆಸರ್‌ಗೆ ಮೇಲ್ ಬರಿಯೋದು, ಸಮ್ಮರ್ ಪ್ರಾಜೆಕ್ಟ್ ಕೇಳಾಕ. ಐನ್‌ಸ್ಟೈನ್ ತಪ್ಪು ಅಂತ ನಾನು ಕಂಡುಹಿಡಿದೀನಿ ಅಂತ ಬರ್ದ್ರ ಓಪನ್ ಆಗೋ ಮೊದಲ ಡಿಲೀಟ್. ರೆಸ್ಪೆಕ್ಟೆಡ್ ಸರ್ ಐ ಆಮ್ ವೆರಿ ಪ್ಯಾಷನೇಟ್ ಅಂತ ಒಂದ ಮೇಲ್ ನೂರು ಮಂದಿಗೆ ಕಳಿಸಿದ್ರೂ ಅಷ್ಟ. ಎಂಟು ಹತ್ತು ಸಾಲು ಸಾಕು: ಯಾವ ಊರು, ಯಾವ ಕಾಲೇಜು, ಯಾವ ಸೆಮಿಸ್ಟರ್, ಅವರ ಯಾವ ಲೆಕ್ಚರ್ ನೋಡೀರಿ, ಅದರಾಗ ಯಾವ ಸ್ಟೆಪ್ ತಿಳೀಲಿಲ್ಲ. ನೋಟ್‌ಬುಕ್‌ನಾಗ ಟೆಂಪರೇಚರ್ ಮತ್ತ ಪಾರ್ಟಿಷನ್ ಲೆಕ್ಕ ಇರೋ ನಾಕು ಪೇಜ್ ಸ್ಕ್ಯಾನ್ ಮಾಡಿ ಒಂದ ಪಿಡಿಎಫ್ ಮಾಡಿ ಹಚ್ಚರಿ, ಹೊಡದು ಹಾಕಿದ ಸಾಲೂ ಹಂಗ ಇರ್ಲಿ, ಫೇರ್ ಕಾಪಿ ಬ್ಯಾಡ. ಸಮ್ಮರ್‌ಗೆ ಬೇಕಂದ್ರ ಡಿಸೆಂಬರ್ ಒಳಗ ಕಳಿಸ್ರಿ, ಏಪ್ರಿಲ್‌ನಾಗ ಕಳಿಸಿದ್ರ ಸೀಟ್ ಉಳಿದಿರಂಗಿಲ್ಲ. ಎರಡು ವಾರ ಉತ್ತರ ಬರ್ಲಿಲ್ಲಂದ್ರ ಒಂದ ಒಂದು ರಿಮೈಂಡರ್, ಅದಕ್ಕೂ ಬರ್ಲಿಲ್ಲಂದ್ರ ಸಿಟ್ಟಾಗದೆ ಮುಂದಿನ ಹೆಸರಿಗೆ ಹೋಗ್ರಿ, ಆದ್ರ ಪ್ರಶ್ನಿ ಬದಲು ಮಾಡಿ ಬರೀರಿ, ಯಾಕಂದ್ರ ಆ ಪ್ರೊಫೆಸರ್ ನೋಡೋ ಬ್ಲ್ಯಾಕ್ ಹೋಲ್ ಬ್ಯಾರೆ ಇರ್ತೈತಿ.